ಕೈಬೀಸಿದರೆ ಕಾಣುವಷ್ಟು ಎತ್ತರದಲ್ಲಿ

ಹೋದ ತಿಂಗಳು ತಮ್ಮನ ಮಗ ಒಂದು ವಿಡಿಯೊ ಕಳಿಸಿದ. ಅರ್ಧ ನಿಮಿಷವೂ ಇಲ್ಲ. ಅವನು ಪೈಲಟ್ ಆಗಬೇಕೆಂದು ಹೊರಟು ಒಂದೂವರೆ ವರ್ಷವಾಯಿತು, ಬೆಂಗಳೂರಿಂದ ದೂರದ ಒಂದು ತರಬೇತಿ ಶಾಲೆಯಲ್ಲಿದ್ದಾನೆ. ವಿಡಿಯೊ ತೆಗೆದವರು ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತಿದ್ದಾರೆ. ಮೊದಲು ಬರೀ ಕಬ್ಬು, ಬಿಸಿಲು, ಯಾರೋ ನಗುವ ಸದ್ದು. ಆಮೇಲೆ ಎಡಗಡೆಯಿಂದ ಎರಡು ಸೀಟಿನ ಒಂದು ಪುಟ್ಟ ವಿಮಾನ ಬರುತ್ತದೆ. ಬರುತ್ತದೆ ಅನ್ನುವುದಕ್ಕಿಂತ ಗದ್ದೆಯ ಮೇಲೇ ಹರಿದುಕೊಂಡು ಬರುತ್ತದೆ, ಕಬ್ಬಿನ ಸೂಲಂಗಿ ಅದರ ಗಾಳಿಗೆ ಬಾಗುವಷ್ಟು ಕೆಳಗೆ. ಎದುರಿಗೆ ಬಂದಾಗ ರೆಕ್ಕೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸುತ್ತದೆ. ಬದುವಿನ ಮೇಲಿದ್ದ ಹುಡುಗರು ಚಪ್ಪಾಳೆ ತಟ್ಟಿ ಶಿಳ್ಳೆ ಹೊಡೆಯುತ್ತಾರೆ. ಅಷ್ಟೇ. ಕೆಳಗೆ ಅವನು ಬರೆದದ್ದು ಎರಡೇ ಪದ: ‘ಅತ್ತೆ, ನೋಡು!’

ಒಳಗೆ ಯಾರಿದ್ದರು ಅಂತ ಅವನು ಹೇಳಲಿಲ್ಲ, ನಾನೂ ಆಗ ಕೇಳಲಿಲ್ಲ. ಮೊದಲ ಸಲ ನೋಡಿದಾಗ ನನಗೆ ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಎರಡನೇ ಸಲ ಹುಡುಗರ ಮುಖ ನೋಡಿದೆ. ಮೂರನೇ ಸಲ ನೋಡುವಾಗ ಗದ್ದೆಯ ಆಚೆ ತುದಿಯಲ್ಲಿ ಕಂಬಗಳು ಕಂಡವು. ಎರಡು ಕಂಬಗಳ ನಡುವೆ ಟಿ.ಸಿ., ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಬಲಕ್ಕೆ ಇನ್ನೊಂದು ಕಂಬ. ಕಂಬ ಕಂಡವು, ತಂತಿ ಕಾಣಲಿಲ್ಲ. ಫೋನಿನ ಪರದೆಯನ್ನು ಎಷ್ಟು ಹಿಗ್ಗಿಸಿ ನೋಡಿದರೂ ಕಾಣಲಿಲ್ಲ. ಕಂಬ ಇದ್ದಮೇಲೆ ತಂತಿ ಇರಲೇಬೇಕು. ವಿಮಾನ ಆ ಸಾಲಿನತ್ತಲೇ ಹೋಗಿ ಕೊನೇ ಗಳಿಗೆಯಲ್ಲಿ ಮೇಲೆದ್ದಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಗಣಿತ ಕಲಿಸಿದವಳು, ವಿಮಾನದ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಜಕ್ಕೂರು ಏರೋಡ್ರೋಮಿನ ಹತ್ತಿರ ಅಷ್ಟೇ ಕಾಲ ಬದುಕಿದ್ದೇನೆ. ನಮ್ಮ ತಾರಸಿಯಿಂದ ಒಂದು ಹೊಗೆ ನೋಡಿದ್ದೇನೆ. ಅದನ್ನು ಈ ಹುಡುಗನಿಗೆ ಯಾವತ್ತೂ ಹೇಳಿರಲಿಲ್ಲ.

ಸಂಡಿಗೆ ಹಾಕಿದ ಶನಿವಾರ

2004ರ ಏಪ್ರಿಲ್ 17. ಶಾಲೆಗೆ ಬೇಸಿಗೆ ರಜೆ. ಸಹಕಾರನಗರದಲ್ಲಿ ಆಗಿನ್ನೂ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು, ತಾರಸಿ ಹತ್ತಿ ಉತ್ತರಕ್ಕೆ ಮುಖ ಮಾಡಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳ ಸಾಲು ಒಂದೇ ಹಸಿರು ಗೋಡೆಯ ಹಾಗೆ ಕಾಣುತ್ತಿತ್ತು. ನಾನು ಬೆಳಿಗ್ಗೆಯೇ ಸಬ್ಬಕ್ಕಿ ಸಂಡಿಗೆಯ ಹಿಟ್ಟು ಕಾಯಿಸಿಕೊಂಡು ಹೋಗಿ, ಹಳೆಯ ಬಿಳಿ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಸೌಟಿನಲ್ಲಿ ಒಂದೊಂದೇ ಹಾಕುತ್ತಾ ಕೂತಿದ್ದೆ. ಕಾಗೆ ಬಾರದಿರಲಿ ಅಂತ ಪಕ್ಕದಲ್ಲಿ ಕಪ್ಪು ಕೊಡೆ ಬಿಚ್ಚಿಟ್ಟಿದ್ದೆ. ಹನ್ನೊಂದು ಗಂಟೆ ಕಳೆದಿತ್ತು, ಪಂಚೆಯ ಕೊನೆಯ ಸಾಲು ಬಾಕಿ. ತಲೆ ಎತ್ತಿದರೆ ಆ ಮರಗಳ ಹಿಂದಿನಿಂದ ಕಪ್ಪು ಹೊಗೆ. ತರಗೆಲೆ ಸುಡುತ್ತಿದ್ದಾರೆ ಅಂದುಕೊಂಡೆ. ಬೇಸಿಗೆಯಲ್ಲಿ ಅದು ಇದ್ದದ್ದೇ. ತರಗೆಲೆಯ ಹೊಗೆ ಬೆಳ್ಳಗಿರುತ್ತದೆ, ಎಣ್ಣೆಯದ್ದು ಮಾತ್ರ ಹಾಗೆ ಕರ್ರಗಿರುತ್ತದೆ ಅನ್ನುವುದು ಹೊಳೆಯಲಿಲ್ಲ. ಕೊನೆಯ ಸಾಲು ಮುಗಿಸಿ, ಕೈ ತೊಳೆದು, ಕೆಳಗೆ ಇಳಿದೆ.

ಮುಂದಿನದ್ದು ಗೊತ್ತಾದದ್ದು ಸಾಗರದಿಂದ. ಅಮ್ಮ ಫೋನು ಮಾಡಿದಳು. ‘ನಿಮ್ಮನೆ ಹತ್ರನೇ ಅಂತಲ್ಲೇ ಮಾರಾಯ್ತಿ, ವಿಮಾನ ಬಿದ್ದಿದ್ದು? ಸೌಂದರ್ಯ ಇದ್ದಳಂತೆ ಅದರಲ್ಲಿ. ಟಿವಿಲಿ ಬರ್ತಾ ಇದ್ದು.’ ಮುನ್ನೂರೈವತ್ತು ಕಿಲೋಮೀಟರು ಆಚೆ ಇದ್ದವಳಿಗೆ ಗೊತ್ತಾಗಿತ್ತು. ಹೊಗೆ ನೋಡುತ್ತಾ ಸಂಡಿಗೆ ಹಾಕಿದವಳಿಗೆ ಗೊತ್ತಿರಲಿಲ್ಲ.

ಅವತ್ತಿನ ಸುದ್ದಿ ಕನ್ನಡಿಗರಿಗೆ ನಾನು ಹೇಳಬೇಕಿಲ್ಲ. ಚುನಾವಣೆ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟ ನಾಲ್ಕು ಸೀಟಿನ ಸೆಸ್ನಾ 180. ಜಕ್ಕೂರಿನಿಂದ ಎದ್ದು ನೂರು ಚಿಲ್ಲರೆ ಅಡಿ ಏರುವಷ್ಟರಲ್ಲೇ ತಿರುಗಿ, ಬಳ್ಳಾರಿ ರಸ್ತೆಯ ಈಚೆಗೆ ಜಿಕೆವಿಕೆಯ ಹೊಲದಲ್ಲಿ ಬಿದ್ದು ಹೊತ್ತಿಕೊಂಡಿತು. ಒಳಗಿದ್ದವರು ನಾಲ್ವರು: ಚಿತ್ರನಟಿ ಸೌಂದರ್ಯ, ಅವರ ಅಣ್ಣ ಅಮರನಾಥ್, ಜೊತೆಗೆ ಹೊರಟಿದ್ದ ಒಬ್ಬ ಕಾರ್ಯಕರ್ತ, ಮತ್ತು ಪೈಲಟ್. ಹೊಲದಲ್ಲಿದ್ದವರು ಓಡಿ ಹೋದರಂತೆ, ಬೆಂಕಿ ಹತ್ತಿರ ಬಿಡಲಿಲ್ಲವಂತೆ. ಕರೀಂನಗರ ಇಲ್ಲಿಂದ ಆರುನೂರು ಕಿಲೋಮೀಟರಿಗೂ ದೂರ. ಆ ದೂರದಲ್ಲಿ ಅವರು ದಾಟಿದ್ದು ಒಂದು ಹೆದ್ದಾರಿಯನ್ನು ಮಾತ್ರ.

ಆ ವರ್ಷದ ಆಗಸ್ಟಿನಲ್ಲಿ ‘ಆಪ್ತಮಿತ್ರ’ ಬಿಡುಗಡೆಯಾಯಿತು. ಇಡೀ ಬೀದಿಯೇ ಹೋಗಿ ನೋಡಿ ಬಂತು. ನಾನು ಹೋಗಲಿಲ್ಲ. ಅದಕ್ಕಿಂತ ಎರಡು ವರ್ಷ ಹಿಂದೆ ‘ದ್ವೀಪ’ ನೋಡಿದ್ದೆ. ಆಕೆಯೇ ನಿರ್ಮಿಸಿ, ನಾಗಿಯಾಗಿ ನಟಿಸಿದ ಚಿತ್ರ. ನಮ್ಮ ಸಾಗರದ ನಾ. ಡಿಸೋಜರ ಕಥೆ. ಶರಾವತಿ ಹಿನ್ನೀರಿನಲ್ಲಿ ಗದ್ದೆ ಮನೆ ಕಳಕೊಂಡವರ ನೆಂಟರು ನಾವು, ಆ ನಾಗಿ ನಮಗೆ ಗೊತ್ತಿದ್ದವಳು ಅನ್ನಿಸಿತ್ತು. ಏರುವ ನೀರಿನ ಎದುರು ಹಿಂದೆ ಸರಿಯದೆ ನಿಲ್ಲುವ ಹೆಂಗಸು. ಅವಳು ನಮ್ಮ ಮನೆಯ ಹಿಂದಿನ ಹೊಲದಲ್ಲಿ, ನಾನು ಹಿಟ್ಟಿನ ಕೈ ತೊಳೆಯುತ್ತಿದ್ದಾಗ ಹೋದಳು ಅನ್ನುವುದನ್ನು ಮನಸ್ಸು ಎಷ್ಟೋ ದಿನ ಒಪ್ಪಲಿಲ್ಲ.

ನಲ್ಲಿ ನೀರು, ಸೌಟಿನ ಬೆನ್ನು

ನಮ್ಮ ಎದುರು ಮನೆಯಲ್ಲಿ ಒಬ್ಬ ರಾಯರಿದ್ದರು. ಎಚ್‌ಎಎಲ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲೇ ರೂಪಿಸಿ ಕಟ್ಟಿದ ‘ಬಸಂತ್’ ಅನ್ನುವ ಔಷಧಿ ಹೊಡೆಯುವ ವಿಮಾನಕ್ಕೆ ರಿವೆಟ್ ಹಾಕಿದ ಕೈ ಅದು. ಆ ವಾರ ಇಡೀ ಬಡಾವಣೆ ಅವರ ಗೇಟಿನ ಮುಂದೆ ನಿಂತು ಕೇಳಿದ ಪ್ರಶ್ನೆ ಒಂದೇ: ಅಷ್ಟು ಕೆಳಗಿತ್ತಲ್ಲ, ಹಾಗೇ ಇಳಿಸಿಬಿಡಬಹುದಿತ್ತಲ್ಲ?

ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ. ನಾವು ಅಡಿಕೆ ತೋಟದ ಕಡೆಯವರು. ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರ ಹತ್ತಿ, ತುದಿಯಲ್ಲಿ ಮರವನ್ನೇ ತೂಗಿ ಪಕ್ಕದ ಮರ ಹಿಡಿಯುವಾಗ ಕೆಳಗೆ ನಿಂತ ಮಕ್ಕಳು ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಅವನು ಕೆಳಗಿಳಿಯುತ್ತಾ ಬಂದಹಾಗೆ ನಮ್ಮ ಉಸಿರೂ ಸಡಿಲವಾಗುತ್ತಿತ್ತು. ಮೇಲಿದ್ದಷ್ಟೂ ಅಪಾಯ, ನೆಲ ಹತ್ತಿರವಾದಷ್ಟೂ ಕ್ಷೇಮ. ಇದು ಮೈಯಲ್ಲೇ ಇರುವ ಲೆಕ್ಕ, ಯಾರೂ ಕಲಿಸಬೇಕಿಲ್ಲ. ರಾಯರು ಅಂದರು: ‘ನೋಡಮ್ಮ, ಮರಕ್ಕೆ ಬೇರಿದೆ. ವಿಮಾನಕ್ಕೆ ಬೇರಿಲ್ಲ. ಅದು ನಿಂತಿರೋದು ಓಟದ ಮೇಲೆ. ಓಟ ತಪ್ಪಿದ್ರೆ ಸರಿ ಮಾಡ್ಕೊಳಕ್ಕೆ ಟೈಮು ಬೇಕು. ಆ ಟೈಮು ಇರೋದು ಕೆಳಗಿರೋ ಖಾಲಿ ಜಾಗದಲ್ಲಿ.’

ಹೇಳಿದ್ದು ಅರ್ಥವಾಗದೆ ನಾನು ಸುಮ್ಮನೆ ನಿಂತಾಗ ನಮ್ಮ ಅಡುಗೆಮನೆಗೇ ಬಂದು ನಲ್ಲಿ ಬಿಟ್ಟರು. ಸಣ್ಣಗೆ ಬೀಳುವ ನೀರಿಗೆ ಸೌಟಿನ ಬೆನ್ನು ತಾಗಿಸಿದರು. ನೀರು ನೇರ ಬೀಳುವುದು ಬಿಟ್ಟು ಸೌಟಿನ ಉಬ್ಬಿಗೆ ಅಂಟಿಕೊಂಡು, ಬಳಸಿಕೊಂಡು, ಪಕ್ಕಕ್ಕೆ ಹರಿಯಿತು. ‘ರೆಕ್ಕೆಗೆ ಗಾಳಿ ಹಿಂಗೆ ಅಂಟ್ಕೊಂಡು ಹೋಗ್ಬೇಕು.’ ಆಮೇಲೆ ಸೌಟನ್ನು ಇನ್ನಷ್ಟು ಓರೆ ಮಾಡಿದರು, ಮತ್ತಷ್ಟು. ಒಂದು ಹಂತದಲ್ಲಿ ನೀರು ಸೌಟನ್ನು ಬಿಟ್ಟೇಬಿಟ್ಟಿತು, ಸಿಂಕಿನ ತುಂಬ ಸಿಡಿಯಿತು. ‘ಇದು ಸ್ಟಾಲು. ಎಂಜಿನ್ ಕೆಟ್ಟು ನಿಲ್ಲೋದಲ್ಲ ಇದು. ಎಂಜಿನ್ ಓಡ್ತಾನೇ ಇರುತ್ತೆ, ರೆಕ್ಕೆ ಕೈಬಿಡುತ್ತೆ.’ ನಿಧಾನವಾದಷ್ಟೂ ಪೈಲಟ್ ಮೂತಿ ಎತ್ತುತ್ತಾನೆ, ಮೂತಿ ಎತ್ತಿದಷ್ಟೂ ರೆಕ್ಕೆ ಓರೆಯಾಗುತ್ತದೆ. ಬಿಟ್ಟುಹೋದ ಗಾಳಿಯನ್ನು ಮತ್ತೆ ಅಂಟಿಸಿಕೊಳ್ಳಲು ಇರುವ ದಾರಿ ಒಂದೇ, ಮೂತಿಯನ್ನು ಕೆಳಗೆ ಮಾಡಿ ವೇಗ ತೆಗೆದುಕೊಳ್ಳುವುದು. ಪಳಗಿದ ಕೈಗೂ ಅದಕ್ಕೆ ಇನ್ನೂರು ಮುನ್ನೂರು ಅಡಿ ಖರ್ಚಾಗುತ್ತದೆ. ಗಿರಗಿರ ತಿರುಗತೊಡಗಿದರೆ ಸಾವಿರದ ಹತ್ತಿರ. ನೆಲ ಎದ್ದು ಬರುತ್ತಿರುವಾಗ ಮೂತಿಯನ್ನು ನೆಲದ ಕಡೆಗೇ ತಳ್ಳಬೇಕು ಅನ್ನುವುದಿದೆಯಲ್ಲ, ಅದಕ್ಕೆ ಮೈ ಒಪ್ಪುವುದಿಲ್ಲ. ಮೈ ಹೇಳುವುದು ಎಳೆದುಕೋ, ಮೇಲಕ್ಕೆ ಎಳೆದುಕೋ ಅಂತ.

ತಿರುವಿನಲ್ಲಿ ಇದು ಇನ್ನೂ ಬೇಗ ಬರುತ್ತದೆ. ಇದನ್ನು ನಾನೇ ಕೂತು ಲೆಕ್ಕ ಹಾಕಿದೆ, ತ್ರಿಕೋನಮಿತಿ ನನ್ನ ಮನೆಯ ವಿಷಯ. ಎತ್ತರ ಬಿಡದೆ 30 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಕೈಬಿಡುವ ವೇಗ ನೂರಕ್ಕೆ 7ರಷ್ಟು ಏರುತ್ತದೆ. 45 ಡಿಗ್ರಿಗೆ 19. 60 ಡಿಗ್ರಿಗೆ ವಿಮಾನ ತನ್ನ ಎರಡರಷ್ಟು ತೂಗುತ್ತದೆ, ಆ ವೇಗ 41ರಷ್ಟು ಏರುತ್ತದೆ. ನೇರ ಹೋಗುವಾಗ ಸಾಕಾಗಿದ್ದ ವೇಗ ತಿರುವಿನಲ್ಲಿ ಸಾಲದೇ ಹೋಗುವುದು ಹೀಗೆ. ಒಂಬತ್ತನೇ ತರಗತಿಯ ಮಕ್ಕಳಿಗೆ ವರ್ಗಮೂಲ ಕಲಿಸುವಾಗ ಎಷ್ಟೋ ವರ್ಷ ಈ ಉದಾಹರಣೆ ಕೊಟ್ಟಿದ್ದೇನೆ, ಎಲ್ಲಿಂದ ಬಂತು ಅಂತ ಹೇಳದೆ.

ಇನ್ನೊಂದು ಲೆಕ್ಕ ಅದಕ್ಕಿಂತ ಸರಳ. 150 ಅಡಿ ಅಂದರೆ ಸುಮಾರು 46 ಮೀಟರು. ಅಲ್ಲಿಂದ ಒಂದು ಕಲ್ಲು ಬಿಟ್ಟರೆ ನೆಲ ಮುಟ್ಟಲು ಮೂರೇ ಸೆಕೆಂಡು. ಏನೋ ಸರಿಯಿಲ್ಲ ಅಂತ ಮನುಷ್ಯನಿಗೆ ಹೊಳೆದು, ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಂಡು, ಕೈ ಅಲ್ಲಾಡುವುದಕ್ಕೇ ಅಷ್ಟು ಬೇಕು. ಅದೇ ವಿಮಾನ 3000 ಅಡಿಯಲ್ಲಿದ್ದು ಎಂಜಿನ್ ಪೂರ್ತಿ ನಿಂತರೂ, ಇಂಥ ಪುಟ್ಟ ಸೆಸ್ನಾ ಒಂದು ಅಡಿ ಇಳಿಯುವಷ್ಟರಲ್ಲಿ ಒಂಬತ್ತು ಅಡಿ ಮುಂದೆ ತೇಲುತ್ತದೆ. ಎಂಟು ಕಿಲೋಮೀಟರು ದೂರ, ನಾಲ್ಕು ನಿಮಿಷ. ನಾಲ್ಕು ನಿಮಿಷದಲ್ಲಿ ಗದ್ದೆ ಹುಡುಕಬಹುದು, ರೇಡಿಯೊದಲ್ಲಿ ಮಾತಾಡಬಹುದು, ಇಂಧನದ ಕೀಲಿ ತಿರುಗಿಸಿ ನೋಡಬಹುದು, ದೇವರನ್ನೂ ನೆನೆಯಬಹುದು. ಪೈಲಟ್‌ಗಳಲ್ಲಿ ಒಂದು ಮಾತಿದೆಯಂತೆ, ರಾಯರು ಹೇಳುತ್ತಿದ್ದರು: ತಲೆಯ ಮೇಲಿರುವ ಎತ್ತರ, ಹಿಂದೆ ಬಿಟ್ಟ ರನ್‌ವೇ, ಬಂಕಿನಲ್ಲೇ ಉಳಿದ ಎಣ್ಣೆ, ಈ ಮೂರೂ ಇದ್ದರೂ ಇಲ್ಲದ ಹಾಗೆ.

ಅದಕ್ಕೆ ನಮ್ಮ ಊರಿನದೇ ಒಂದು ವಿಷಯ ಸೇರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ 3000 ಅಡಿ ಮೇಲಿದೆ. ಇಲ್ಲಿಯ ಗಾಳಿ ಮೊದಲೇ ತೆಳು. ಬಿಸಿಲು ಏರಿ 33 ಡಿಗ್ರಿ ಆದರೆ ಗಾಳಿ ಇನ್ನೂ ಹಿಗ್ಗಿ, ಸುಮಾರು 6000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಎಂಜಿನ್‌ಗೆ ಉಸಿರು ಕಡಿಮೆ, ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ, ರೆಕ್ಕೆಗೆ ಆಸರೆ ಕಡಿಮೆ. ಮುಂಬೈ ಕಡಲ ತಡಿಯಲ್ಲಿ ಜನವರಿ ಬೆಳಿಗ್ಗೆ ಸಲೀಸಾಗಿ ಏಳುವ ವಿಮಾನ, ಏಪ್ರಿಲ್ ಮಧ್ಯಾಹ್ನ ಇಲ್ಲಿ ನಿಧಾನ ಮಾಡುತ್ತದೆ. ಬೇಸಿಗೆಯಲ್ಲಿ ಜಕ್ಕೂರಿನ ಹುಡುಗರು ಬೆಳಕು ಹರಿಯುತ್ತಲೇ ಹಾರಲು ಶುರು ಮಾಡುವುದು ತಂಪಿನ ಆಸೆಗಷ್ಟೇ ಅಲ್ಲ. ನಮ್ಮನ್ನು ಆರೂವರೆಗೆ ಎಬ್ಬಿಸುತ್ತಿದ್ದ ಆ ಸದ್ದಿಗೆ ಇಂಥದೊಂದು ಕಾರಣವಿತ್ತು ಅಂತ ತಿಳಿದ ಮೇಲೆ ನಾನು ಗೊಣಗುವುದನ್ನು ಬಿಟ್ಟೆ.

ನೋಡುವವರು ಇದ್ದಾಗ

ಸೌಂದರ್ಯ ಇದ್ದ ವಿಮಾನ ಯಾರಿಗೂ ಏನನ್ನೂ ತೋರಿಸುತ್ತಿರಲಿಲ್ಲ. ಅದು ಸುಮ್ಮನೆ ತನ್ನ ದಾರಿಗೆ ಏಳುತ್ತಿತ್ತು. ಏಳುವಾಗ, ಇಳಿಯುವಾಗ ಕೆಳಗಿರುವುದು ಪ್ರತಿ ವಿಮಾನಕ್ಕೂ ಅನಿವಾರ್ಯ. ನನ್ನನ್ನು ಕೊರೆಯುತ್ತಿರುವುದು ಇನ್ನೊಂದು ಬಗೆಯದು: ಮೇಲೆ ಅಷ್ಟೊಂದು ಆಕಾಶ ಇದ್ದೂ ಕೆಳಗೆ ಬರುವುದು. ಊರು ಕೇರಿಯ ಮೇಲೆ ಹಾರುವಾಗ ಸುತ್ತಲಿನ 600 ಮೀಟರಿನಲ್ಲಿರುವ ಅತಿ ಎತ್ತರದ ಕಟ್ಟಡಕ್ಕಿಂತಲೂ 1000 ಅಡಿ ಮೇಲಿರಬೇಕು, ಬಯಲಲ್ಲಾದರೂ 500 ಅಡಿಗೆ ಕಡಿಮೆಯಾಗಬಾರದು ಅಂತ ಅಂತರರಾಷ್ಟ್ರೀಯ ನಿಯಮವಿದೆ. ಆ ನಿಯಮ ಮುರಿಯುವವರು ಒಬ್ಬರೇ ಇದ್ದಾಗ ಮುರಿಯುವುದು ಕಡಿಮೆ ಅನ್ನಿಸುತ್ತದೆ. ಬದುವಿನ ಮೇಲೆ ಯಾರೋ ನಿಂತಿರುತ್ತಾರೆ.

1980ರ ಜೂನ್ 23, ಸೋಮವಾರ ಬೆಳಿಗ್ಗೆ ದೆಹಲಿಯ ಸಫ್ದರ್‌ಜಂಗ್‌ನಿಂದ ಎದ್ದ ಪುಟ್ಟ ‘ಪಿಟ್ಸ್’ ವಿಮಾನದ ಕಥೆ ನಮ್ಮ ತಲೆಮಾರಿಗೆಲ್ಲ ಗೊತ್ತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಕಸರತ್ತಿಗೆಂದೇ ಮಾಡಿದ್ದು. ಮನೆಗಳ ಮೇಲೆ, ಕೆಳ ಎತ್ತರದಲ್ಲಿ ಸುತ್ತು ಹಾಕುತ್ತಾ ಹೋಗಿ ಕೊನೆಯ ಸುತ್ತಿನಿಂದ ಮೇಲೇಳಲು ಜಾಗ ಸಿಗಲಿಲ್ಲ. ನಾನಾಗ ತೀರ ಚಿಕ್ಕವಳು, ನೆನಪಿರುವುದು ರೇಡಿಯೊದ ಮುಂದೆ ನಿಂತಿದ್ದ ಅಪ್ಪನ ಬೆನ್ನು ಮಾತ್ರ. ಸಂಜಯ್ ಗಾಂಧಿ ಹೋದರು ಅಂತ ದೇಶ ಮಾತಾಡಿತು, ಇವತ್ತಿಗೂ ಮಾತಾಡುತ್ತದೆ. ಅದೇ ವಿಮಾನದಲ್ಲಿ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಕೂಡ ಇದ್ದರು. ಹಾರಾಟ ಕಲಿಸುವ ಮೇಷ್ಟ್ರು. ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಜಿಕೆವಿಕೆಯ ಹೊಲದಲ್ಲೂ ಅಷ್ಟೇ, ನಾಲ್ವರು ಹೋದರು, ನಾವು ಅತ್ತದ್ದು ಒಬ್ಬಳಿಗೆ. ಪೈಲಟ್‌ನ ಮನೆಯಲ್ಲೂ ಆ ಮಧ್ಯಾಹ್ನ ಫೋನು ಬಡಿದಿರಬೇಕು.

2010ರ ಮಾರ್ಚ್ 3ರಂದು ಹೈದರಾಬಾದಿನ ಬೇಗಂಪೇಟೆಯಲ್ಲಿ ವಿಮಾನ ಪ್ರದರ್ಶನದ ಮೊದಲ ದಿನ. ನೌಕಾಪಡೆಯ ‘ಸಾಗರ್ ಪವನ್’ ತಂಡದ ಒಂದು ಕಿರಣ್ ಕಸರತ್ತಿನ ನಡುವೆ ಮೇಲೇಳದೆ ಹೋಗಿ ಮನೆಗಳ ನಡುವೆ ಬಿತ್ತು. ಇಬ್ಬರೂ ಪೈಲಟ್‌ಗಳು ತೀರಿಕೊಂಡರು. ಕಿರಣ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನದೇ ವಿಮಾನ. ಅವತ್ತು ರಾಯರು ಸಂಜೆ ವಾಕಿಂಗಿಗೆ ಬರಲಿಲ್ಲ. ಮನೆಗೆ ಹೋದರೆ ಟಿವಿ ಆರಿಸಿ ಕತ್ತಲಲ್ಲಿ ಕೂತಿದ್ದರು. 2019ರ ಫೆಬ್ರವರಿ 19ಕ್ಕೆ ಯಲಹಂಕದ ವೈಮಾನಿಕ ಪ್ರದರ್ಶನದ ಹಿಂದಿನ ದಿನದ ತಾಲೀಮಿನಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಒಂದಕ್ಕೊಂದು ತಾಗಿ ಒಬ್ಬರು ಪೈಲಟ್ ಹೋದಾಗ ರಾಯರು ಇರಲಿಲ್ಲ. ಇರದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಇವರೆಲ್ಲ ದಿನವೂ ಅದನ್ನೇ ಅಭ್ಯಾಸ ಮಾಡಿದವರು, ಪ್ರತಿ ತಿರುವನ್ನೂ ಮೊದಲು ನೆಲದ ಮೇಲೆ ನಡೆದು, ಆಮೇಲೆ ಎತ್ತರದಲ್ಲಿ ಹಾರಿ, ಕೊನೆಗೆ ಕೆಳಗೆ ಬಂದವರು. ಅಂಥವರಿಗೇ ನೆಲ ಇಷ್ಟು ಕಡಿಮೆ ಬಿಟ್ಟುಕೊಡುತ್ತದೆ.

ಆಮೇಲೆ ಕಣ್ಣಿನ ಮೋಸ. ಎತ್ತರದಲ್ಲಿ ಹೋಗುವಾಗ ನೆಲ ಸರಿಯುವುದೇ ಗೊತ್ತಾಗುವುದಿಲ್ಲ, ಪೈಲಟ್ ವೇಗದ ಮುಳ್ಳು ನೋಡುತ್ತಾನೆ. ಕೆಳಗೆ ಬಂದರೆ ಕಬ್ಬು, ಬದು, ದನ ಎಲ್ಲ ಸರ್ರನೆ ಹಿಂದೆ ಓಡುತ್ತವೆ, ಕಣ್ಣು ಅದನ್ನೇ ವೇಗ ಅಂದುಕೊಳ್ಳುತ್ತದೆ. ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿದ್ದರಂತೂ ನೆಲ ಇನ್ನೂ ಜೋರಾಗಿ ಓಡಿದಂತೆ ಕಾಣುತ್ತದೆ. ಬಹಳ ಜೋರು ಹೋಗುತ್ತಿದ್ದೇನೆ ಅಂದುಕೊಂಡು ಪೈಲಟ್ ಎಂಜಿನ್ ಇಳಿಸುತ್ತಾನೆ, ಇಲ್ಲವೇ ಮೂತಿ ಎತ್ತುತ್ತಾನೆ. ರೆಕ್ಕೆಗೆ ಬೇಕಾದ್ದು ಗಾಳಿಯ ವೇಗ, ನೆಲದ್ದಲ್ಲ. ಅಲ್ಲೇ ಒಂದು ತಿರುವು ತೆಗೆದುಕೊಂಡರೆ ನೀರು ಸೌಟು ಬಿಟ್ಟ ಹಾಗೆ ಬಿಡುತ್ತದೆ.

ಮತ್ತೆ ತಂತಿ. ಬಸಂತ್‌ನಂಥ ವಿಮಾನಗಳು ಪೈರಿನ ತಲೆಯಿಂದ ಹತ್ತೇ ಅಡಿ ಮೇಲೆ ಹಾರಿ ಔಷಧಿ ಹೊಡೆಯಬೇಕು, ಮೇಲಿನಿಂದ ಹೊಡೆದರೆ ಗಾಳಿಗೆ ಹಾರಿ ಪಕ್ಕದವನ ಹೊಲ ಸೇರುತ್ತದೆ. ಅವರ ಕೆಲಸವೇ ಅದು. ಆ ಪೈಲಟ್‌ಗಳು ಮೊದಲು ಎತ್ತರದಿಂದ ಹೊಲಕ್ಕೆ ಒಂದು ಸುತ್ತು ಹಾಕಿ ಕಂಬ ಎಣಿಸುತ್ತಾರಂತೆ. ತಂತಿಯನ್ನು ಹುಡುಕಲೇಬಾರದು, ಹುಡುಕಿದರೆ ಸಿಗುವುದಿಲ್ಲ. ಕಂಬ ಹುಡುಕಬೇಕು, ಕಂಬ ಎತ್ತ ಮುಖ ಮಾಡಿದೆ ನೋಡಬೇಕು. ಕಂಬದಿಂದ ಪಂಪ್‌ಸೆಟ್ಟಿನ ಗುಡಿಸಲಿಗೆ ಒಂದು ಎಳೆ ಹೋಗಿದೆಯೋ ನೋಡಬೇಕು. ಇಷ್ಟೆಲ್ಲ ನೋಡಿ ಹಾರಿದವರೂ ತಂತಿಗೆ ಸಿಕ್ಕಿದ್ದಾರೆ. ರಾಯರು ಇದನ್ನು ಹೇಳುವಾಗ ಗಾಳಿಯಲ್ಲಿ ಬೆರಳಿನಿಂದ ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು. ವಿಡಿಯೊದ ಆಚೆ ತುದಿಯಲ್ಲಿದ್ದ ಆ ಮೂರು ಕಂಬಗಳು ನನ್ನ ಕಣ್ಣಿಗೆ ಬಿದ್ದದ್ದು ಅವರಿಂದಾಗಿ.

ಕಲಿಸಿದ್ದು ನಾನು

ಎಲ್ಲವನ್ನೂ ಇಷ್ಟು ಚೆನ್ನಾಗಿ ತಿಳಿದುಕೊಂಡ ಮೇಲೆ ನಾನು ಏನು ಮಾಡಿದೆ ಅನ್ನುವುದನ್ನು ಈಗ ಬರೆಯಬೇಕು.

ತಮ್ಮನಿಗೆ ಎರಡು ವರ್ಷಕ್ಕೊಂದು ಊರು, ವರ್ಗಾವಣೆಯ ಕೆಲಸ. ಹಾಗಾಗಿ ಈ ಹುಡುಗ ನಾಲ್ಕು ವರ್ಷದವನಿದ್ದಾಗ ಓದಲು ನಮ್ಮಲ್ಲಿಗೆ ಬಂದ. ಅಪ್ಪ ಅಮ್ಮನನ್ನು ಬಿಟ್ಟು ಬಂದ ಮಗು, ಸಂಜೆಯಾದರೆ ಅಳು. ಅಳು ನಿಲ್ಲಿಸಲು ನನಗೆ ಸಿಕ್ಕಿದ ಒಂದೇ ಉಪಾಯ ತಾರಸಿ. ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿ, ನೀರಿನ ಟ್ಯಾಂಕಿನ ಪಕ್ಕ ನಿಂತು, ಜಕ್ಕೂರಿನಿಂದ ಏಳುವ ಸೆಸ್ನಾಗಳನ್ನೂ ಗಾಳಿಪಟದಂಥ ಮೈಕ್ರೊಲೈಟ್‌ಗಳನ್ನೂ ತೋರಿಸುತ್ತಿದ್ದೆ. ದೂರ ಹೋದವುಗಳಿಗೆ ಅವನು ಗಮನ ಕೊಡುತ್ತಿರಲಿಲ್ಲ. ಕೆಳಗೆ ಬಂದದ್ದಕ್ಕೆ, ಹೊಟ್ಟೆಯಡಿಯ ಗಾಲಿ ಕಾಣುವಷ್ಟು ಹತ್ತಿರ ಬಂದದ್ದಕ್ಕೆ ಕುಣಿಯುತ್ತಿದ್ದ. ‘ಅತ್ತೆ, ಕೈ ಬೀಸು, ಕೈ ಬೀಸು!’ ಇಬ್ಬರೂ ಬೀಸುತ್ತಿದ್ದೆವು. ಒಂದೆರಡು ಸಲ ವಿಮಾನ ರೆಕ್ಕೆ ಆಡಿಸಿತ್ತು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಮಗೇ ಅಂತ ಅವನಿಗೆ ಹೇಳಿದೆ. ಅವನ ಅಳು ನಿಂತದ್ದು ಆ ರೆಕ್ಕೆಯಿಂದ. ಆ ರಾತ್ರಿ ತೊಡೆಯ ಮೇಲೆ ಮಲಗಿ, ಅನ್ನ ತಿನ್ನುವಾಗಲೂ ಮುಷ್ಟಿ ಮಾಡಿದ ಕೈಯನ್ನು ಆಚೆ ಈಚೆ ವಾಲಿಸುತ್ತಲೇ ಇದ್ದ.

ಆ ತಾರಸಿಯೂ ಅದೇ. ಉತ್ತರಕ್ಕೆ ಅದೇ ಮರಗಳ ಸಾಲು. ಹೊಗೆ ನೋಡಿ ನಾಲ್ಕೇ ವರ್ಷ ಕಳೆದಿತ್ತು. ಆದರೂ ಕೆಳಗೆ ಬರುವ ವಿಮಾನವೇ ಚೆಂದ ಅಂತ ಆ ಮಗುವಿಗೆ ಕಲಿಸಿದ್ದು ನಾನು. ಈಗ ಅವನು ವಿಡಿಯೊ ಕಳಿಸಿದ್ದು ಅವನ ಅಪ್ಪನಿಗಲ್ಲ, ನನಗೆ. ಬೇರೆ ಯಾರಿಗೆ ಕಳಿಸಿಯಾನು?

ಮರುದಿನ ರಾತ್ರಿ ಫೋನು ಮಾಡಿದೆ. ಬೈಯಬೇಕು ಅಂತ ಎತ್ತಿಕೊಂಡವಳು ಬೈಯಲಿಲ್ಲ. ಸಂಡಿಗೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ಕಪ್ಪು ಹೊಗೆ, ಅಜ್ಜಿಯ ಫೋನು, ರಾಯರ ಸೌಟು. ಅವನು ಹೂಂಗುಡುವುದನ್ನೂ ನಿಲ್ಲಿಸಿದ. ‘ಆಚೆ ತುದಿಯಲ್ಲಿ ಮೂರು ಕಂಬ ಇತ್ತು, ನೋಡಿದ್ಯಾ?’ ಅಂದೆ.

ಬಹಳ ಹೊತ್ತು ಬಿಟ್ಟು, ‘ಇಲ್ಲ ಅತ್ತೆ’ ಅಂದ. ‘ಮುಂದೆ ಬಂದ ಮೇಲೇ ಕಂಡಿದ್ದು.’

ಒಳಗೆ ಇದ್ದವರು ಯಾರು ಅನ್ನುವುದು ಅಲ್ಲಿಗೆ ಗೊತ್ತಾಯಿತು. ನನ್ನ ಗಂಟಲು ಕಟ್ಟಿತು. ಮಾತು ಬಾರದೆ, ಬಂದರೂ ಏನು ಹೇಳಬೇಕು ತಿಳಿಯದೆ, ಕೇಳಬೇಕು ಅಂದುಕೊಂಡದ್ದನ್ನೇ ಕೇಳಿದೆ. ‘ನಾವು ತಾರಸಿ ಮೇಲಿಂದ ಕೈ ಬೀಸ್ತಿದ್ವಲ್ಲ, ಅದು ಮೇಲಿದ್ದವ್ರಿಗೆ ನಿಜವಾಗ್ಲೂ ಕಾಣ್ತಿತ್ತೇನೋ?’

‘ಕಾಣುತ್ತೆ ಅತ್ತೆ. ಸಾವಿರ ಅಡಿಯಿಂದಲೂ ಕಾಣುತ್ತೆ.’ ಅವನ ದನಿ ಸಣ್ಣಗಾಗಿತ್ತು. ‘ಅಷ್ಟು ಮೇಲಿಂದ ಮನುಷ್ಯರು ಚಿಕ್ಕದಾಗಿ ಕಾಣ್ತಾರೆ, ಆದ್ರೆ ತಾರಸಿ ಮೇಲೆ ಬಿಳೀದು ಏನಾದ್ರೂ ಹಾಸಿದ್ರೆ ತಕ್ಷಣ ಗೊತ್ತಾಗುತ್ತೆ. ಯಾರ ಮನೆ ಅಂತ ಹೇಳ್ಬಹುದು.’

ಸಂಡಿಗೆಯ ಆ ಹಳೆಯ ಪಂಚೆ ಇನ್ನೂ ಇದೆ, ಮೇಲಿನ ಅಟ್ಟದ ಟ್ರಂಕಿನಲ್ಲಿ. ಅಂಚು ಹರಿದಿದೆ, ನಡುವೆ ಹಿಟ್ಟಿನ ಕಲೆ. ನಿನ್ನೆ ಇಳಿಸಿ, ನೀಲಿ ಹಾಕಿ ಒಗೆದು, ಬಿಸಿಲಿಗೆ ಹಾಕಿದ್ದೇನೆ.